ಮನೆಯಲ್ಲಿ ಕಲ್ಲುಪ್ಪು, ಸೈಂಧವ ಲವಣ ಮಾತ್ರ ಬಳಸಿದರೆ ಅಯೋಡಿನ್ ಎಲ್ಲಿಂದ ಬರಬೇಕು?

ಮಲ್ನಾಡ್_ಅಡುಗೆಮನೆ ಕೇಳಿದ್ದು:

ನಮ್ಮದು ಐದು ಜನರ ಸಸ್ಯಾಹಾರಿ ಮನೆ. ಅಡುಗೆಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರದಿಂದ ಚೀಲದಲ್ಲಿ ತರಿಸಿದ, ಅಯೋಡಿನ್ ಸೇರಿಸದ ಕಲ್ಲುಪ್ಪು. ಮಜ್ಜಿಗೆ, ಕೋಸಂಬರಿಗೆ ಸೈಂಧವ ಲವಣ. ಪ್ಯಾಕೆಟ್ ಪುಡಿ ಉಪ್ಪು ತರುವುದನ್ನು ಬಿಟ್ಟಿದ್ದೇವೆ. ಅತ್ತೆಯವರಿಗೆ ಬಿಪಿ ಇದೆ, ಉಪ್ಪು ಕಡಿಮೆ ಮಾಡಲು ಹೇಳಿದ್ದಾರೆ. ನಾದಿನಿಗೆ ಈಗ ಮೂರನೇ ತಿಂಗಳು. ನಾನು ಹೈಪೋಥೈರಾಯ್ಡ್‌ಗೆ (ಥೈರಾಯ್ಡ್ ಹಾರ್ಮೋನ್ ಕಡಿಮೆ ಇರುವುದಕ್ಕೆ) ದಿನಾ 75 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುತ್ತೇನೆ.

ಗೊತ್ತಾಗಬೇಕಿರುವುದು ಇಷ್ಟು. ಕಲ್ಲುಪ್ಪು ಸಮುದ್ರದ್ದೇ ಅಲ್ಲವೇ, ಅದರಲ್ಲಿ ಅಯೋಡಿನ್ ತಾನಾಗಿಯೇ ಇರುವುದಿಲ್ಲವೇ? ಥೈರಾಯ್ಡ್ ಇರುವವರು ಅಯೋಡಿನ್ ಉಪ್ಪು ತಿನ್ನಬಾರದು ಎನ್ನುತ್ತಾರೆ, ನಿಜವೇ? ಗರ್ಭಿಣಿಗೆ ಎಷ್ಟು ಬೇಕು? ಉಪ್ಪು ಕಡಿಮೆ ಮಾಡಿದವರಿಗೆ ಅಯೋಡಿನ್ ಕೊರತೆ ಆಗುವುದಿಲ್ಲವೇ?

ಉಪ್ಪಿನ_ಲ್ಯಾಬ್ ಉತ್ತರ:

ನಿಮ್ಮ ಮೊದಲ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರವಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ, 50ರಿಂದ 60 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ. ಆ ಅಯೋಡಿನ್ ಚೂರೂ ಪೋಲಾಗದೆ ಉಪ್ಪಿನಲ್ಲೇ ಉಳಿಯಿತು ಎಂದಿಟ್ಟುಕೊಂಡರೂ ಒಂದು ಗ್ರಾಂ ಉಪ್ಪಿಗೆ ಎರಡು ಮೈಕ್ರೋಗ್ರಾಂ ದಾಟುವುದಿಲ್ಲ. ದಿನಕ್ಕೆ 8 ಗ್ರಾಂ ತಿಂದರೆ ಹೆಚ್ಚೆಂದರೆ 14 ಮೈಕ್ರೋಗ್ರಾಂ. ವಯಸ್ಕರಿಗೆ ಬೇಕಾದದ್ದು 150. ನಿಜದಲ್ಲಿ ಅಷ್ಟೂ ಸಿಗುವುದಿಲ್ಲ. ಆವಿಯಾಗುವಾಗ ಸ್ವಲ್ಪ ಗಾಳಿಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಹರಳುಗಟ್ಟಿದ ಮೇಲೆ ಉಪ್ಪಿನ ಗದ್ದೆಯಲ್ಲಿ ನಿಲ್ಲುವ ಕಹಿನೀರಿನ ಜೊತೆ ಹೊರಟುಹೋಗುತ್ತದೆ. ಸೈಂಧವವೂ ಒಂದು ಕಾಲದ ಸಮುದ್ರ ಒಣಗಿ ಉಳಿದ ಉಪ್ಪೇ, ಅದರ ಗುಲಾಬಿ ಬಣ್ಣ ಕಬ್ಬಿಣದ ಅಂಶದ್ದು. ಅಯೋಡಿನ್ ಲೆಕ್ಕದಲ್ಲಿ ಎರಡೂ ಒಂದೇ, ಹತ್ತಿರ ಹತ್ತಿರ ಸೊನ್ನೆ.

ಸಮುದ್ರದ ಮೀನಿನಲ್ಲಿ, ಪಾಚಿಯಲ್ಲಿ ಅಯೋಡಿನ್ ಇದೆಯಲ್ಲ ಎಂದು ಕೇಳುತ್ತಾರೆ. ಆ ಜೀವಿಗಳು ನೀರಿನಿಂದ ಅದನ್ನು ಹೀರಿ ತಮ್ಮ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಉಪ್ಪಿನ ಹರಳು ಹಾಗೆ ಮಾಡುವುದಿಲ್ಲ.

ನಮ್ಮಲ್ಲಿ ಉಪ್ಪಿಗೆ ಸೇರಿಸುವುದು ಪೊಟ್ಯಾಸಿಯಂ ಅಯೋಡೇಟ್. ಕೆಲವು ದೇಶಗಳಲ್ಲಿ ಅಯೋಡೈಡ್ ಬಳಸುತ್ತಾರೆ, ಆದರೆ ತೇವ, ಬಿಸಿಲು ಹೆಚ್ಚಿರುವ ಕಡೆ, ಅದರಲ್ಲೂ ಪೂರ್ತಿ ಶುದ್ಧವಲ್ಲದ ಉಪ್ಪಿನಲ್ಲಿ, ಅದು ಬೇಗ ಹಾರಿಹೋಗುತ್ತದೆ. ಅಯೋಡೇಟ್ ನಿಲ್ಲುತ್ತದೆ. ಅದರ ತೂಕದಲ್ಲಿ 59% ಅಯೋಡಿನ್ ಆದ್ದರಿಂದ ಒಂದು ಟನ್ ಉಪ್ಪನ್ನು 30 ಪಿಪಿಎಂಗೆ ತರಲು ಸುಮಾರು 50 ಗ್ರಾಂ ಅಯೋಡೇಟ್ ಸಾಕು. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್‌ನಲ್ಲಿ ಕನಿಷ್ಠ 15 ಪಿಪಿಎಂ ಇರಬೇಕೆಂಬುದು ಕಾನೂನು. ಪಿಪಿಎಂ ಎಂದರೆ ಗ್ರಾಂಗೆ ಅಷ್ಟು ಮೈಕ್ರೋಗ್ರಾಂ ಎಂದೇ ಓದಿಕೊಳ್ಳಿ.

ನಿಮ್ಮ ಮನೆಯ ಲೆಕ್ಕ ಹೀಗೆ ಮಾಡಿ. ಒಂದು ಕಿಲೋ ಉಪ್ಪು ಎಷ್ಟು ದಿನ ಬರುತ್ತದೆ ಎಂದು ಬರೆದಿಡಿ. 1000ವನ್ನು ದಿನಗಳಿಂದ, ಆಮೇಲೆ ಜನರಿಂದ ಭಾಗಿಸಿ. ಐದು ಜನಕ್ಕೆ 25 ದಿನ ಬಂದರೆ ತಲೆಗೆ 8 ಗ್ರಾಂ. 15 ಪಿಪಿಎಂ ಉಪ್ಪಾದರೆ 120 ಮೈಕ್ರೋಗ್ರಾಂ, ಅಡುಗೆಯಲ್ಲಿ ಐದನೇ ಒಂದು ಭಾಗ ಹೋಯಿತೆಂದರೆ 96. 25 ಪಿಪಿಎಂ ಇದ್ದರೆ 200, ಕಳೆದು 160. ಪ್ಯಾಕೆಟ್ ಮೇಲಿನ ಈ ಒಂದು ಸಂಖ್ಯೆಯಲ್ಲೇ ಇಷ್ಟು ಅಂತರ.

ಕಲ್ಲುಪ್ಪೇ ಬೇಕೆಂದರೆ ಅಯೋಡಿನ್ ಸೇರಿಸಿದ ಕಲ್ಲುಪ್ಪೂ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಆದರೆ ಒಂದು ಎಚ್ಚರಿಕೆ, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ಕಲ್ಲುಪ್ಪಿಗೆ ಅಯೋಡೇಟ್ ದ್ರಾವಣವನ್ನು ಸಿಂಪಡಿಸಿರುತ್ತಾರೆ, ಅದು ಹರಳಿನ ಮೇಲ್ಮೈಯಲ್ಲಷ್ಟೇ ಕೂತಿರುತ್ತದೆ. ಮಣ್ಣು ಹೋಗಲೆಂದು ಕಲ್ಲುಪ್ಪನ್ನು ತೊಳೆದು ಒಣಗಿಸುವ ರೂಢಿ ನಿಮ್ಮಲ್ಲಿದ್ದರೆ ಮೊದಲ ನೀರಿನಲ್ಲೇ ಅಯೋಡಿನ್ ಹೋಗಿಬಿಡುತ್ತದೆ. ತೊಳೆಯಬೇಡಿ. ತೊಳೆಯಲೇಬೇಕಾದಷ್ಟು ಕೊಳೆ ಇದ್ದರೆ ಅಂಥದ್ದನ್ನು ಕೊಳ್ಳಬೇಡಿ.

ಆಹಾರತಜ್ಞೆ_ಹಾಸನ ಉತ್ತರ:

ಮೇಡಂ, ನಿಮ್ಮ ನಾದಿನಿಯ ವಿಷಯ ಮೊದಲು ನೋಡೋಣ, ಉಳಿದವು ನಾಲ್ಕು ದಿನ ತಡವಾದರೂ ನಡೆಯುತ್ತದೆ. ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 250 ಮೈಕ್ರೋಗ್ರಾಂ. ಮಗುವಿನ ಥೈರಾಯ್ಡ್ ಗ್ರಂಥಿ ಸುಮಾರು 12ನೇ ವಾರದಲ್ಲಿ ಅಯೋಡಿನ್ ಹೀರಲು ಶುರು ಮಾಡುತ್ತದೆ, ತಕ್ಕಮಟ್ಟಿಗೆ ಹಾರ್ಮೋನ್ ತಯಾರಿಸಲು 18–20 ವಾರ ಆಗಬೇಕು. ಅಲ್ಲಿಯವರೆಗೆ ಮಗುವಿನ ಮಿದುಳು ಬೆಳೆಯುವುದು ತಾಯಿಯ ಹಾರ್ಮೋನಿನಿಂದ. ಅದಕ್ಕೇ ಮೂರನೇ ತಿಂಗಳಲ್ಲಿ ಇರುವವರ ಮನೆಯಲ್ಲಿ ಅಯೋಡಿನ್ ಇಲ್ಲದ ಉಪ್ಪು ಎಂದರೆ ಇವತ್ತೇ ಬದಲಾಯಿಸಿ ಎನ್ನುತ್ತೇನೆ. ತೀವ್ರ ಕೊರತೆ ಇರುವ ಪ್ರದೇಶಗಳ ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಸರಾಸರಿ 13 ಅಂಶಗಳಷ್ಟು ಅಂತರ ಕಂಡಿದೆ. ಮಿದುಳು ಬೆಳೆಯುವ ಆ ತಿಂಗಳುಗಳು ದಾಟಿದ ಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಅದು ಪೂರ್ತಿ ತುಂಬಿ ಬರುವುದಿಲ್ಲ.

ಆದರೆ 250 ತಲುಪಲು ಉಪ್ಪು ಜಾಸ್ತಿ ತಿನ್ನಿಸುವುದು ದಾರಿಯಲ್ಲ. ಉಪ್ಪಿನಿಂದ 100–150 ಬರಲಿ, ಉಳಿದದ್ದು ಊಟದಿಂದ, ಬೇಕಾದರೆ ಮಾತ್ರೆಯಿಂದ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ–ಫೋಲಿಕ್ ಆಸಿಡ್ ಮಾತ್ರೆಯಲ್ಲಿ ಅಯೋಡಿನ್ ಇಲ್ಲ. ಔಷಧದಂಗಡಿಯ ಗರ್ಭಿಣಿಯರ ಮಲ್ಟಿವಿಟಮಿನ್‌ಗಳಲ್ಲಿ ಕೆಲವಕ್ಕೆ ಮಾತ್ರ 150 ಮೈಕ್ರೋಗ್ರಾಂ ಇರುತ್ತದೆ. ಹಿಂಬದಿಯ ಪಟ್ಟಿಯಲ್ಲಿ 'ಪೊಟ್ಯಾಸಿಯಂ ಅಯೋಡೈಡ್' ಎಂಬ ಸಾಲು ಇದೆಯೇ ನೋಡಿ, ನಿಮ್ಮ ಡಾಕ್ಟರಿಗೆ ತೋರಿಸಿ ಕೇಳಿ. ಅದರ ಜೊತೆಗೆ ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ರಕ್ತ) ಪರೀಕ್ಷೆ ಆಗಿಲ್ಲದಿದ್ದರೆ ಈ ತಿಂಗಳೇ ಮಾಡಿಸಿ.

ಸಸ್ಯಾಹಾರಿ ಮನೆಯಲ್ಲಿ ಉಪ್ಪಿನ ನಂತರ ಅಯೋಡಿನ್ ಬರುವುದು ಮುಖ್ಯವಾಗಿ ಹಾಲು, ಮೊಸರು, ಮಜ್ಜಿಗೆಯಿಂದ. ಎಷ್ಟು ಎಂದು ಒಂದೇ ಸಂಖ್ಯೆ ಹೇಳಲು ಬರುವುದಿಲ್ಲ, ದನ ಏನು ತಿಂದಿತು ಎಂಬುದರ ಮೇಲೆ ಹೋಗುತ್ತದೆ. ಅಕ್ಕಿ, ಬೇಳೆ, ತರಕಾರಿಯಲ್ಲಿರುವುದು ತೀರಾ ಅಲ್ಪ. ಮಣ್ಣಿನಲ್ಲಿದ್ದರೆ ತಾನೇ ಬೆಳೆಗೆ ಬರುವುದು! ಜೋರು ಮಳೆ ಬೀಳುವ ಗುಡ್ಡಗಾಡಿನಲ್ಲಿ ಮೇಲ್ಮಣ್ಣಿನ ಅಯೋಡಿನ್ ಕೊಚ್ಚಿಹೋಗಿರುತ್ತದೆ, ಆದ್ದರಿಂದ ಸ್ವಂತ ತೋಟದ ಸೊಪ್ಪು ತರಕಾರಿ ಎಷ್ಟೇ ಒಳ್ಳೆಯದಾದರೂ ಈ ಒಂದು ವಿಷಯಕ್ಕೆ ಅದನ್ನು ನಂಬುವ ಹಾಗಿಲ್ಲ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಸುಮಾರು 25 ಮೈಕ್ರೋಗ್ರಾಂ. ಕರಾವಳಿಯವರಿಗೆ ಬಂಗುಡೆ, ಬೂತಾಯಿ, ಸಿಗಡಿ ಇವೆ. ಹೊಳೆ ಮೀನಿನಲ್ಲಿ ಅಷ್ಟಿರುವುದಿಲ್ಲ.

ಮಗು ಹುಟ್ಟಿದ ಮೇಲೆ ಒಂದು ವರ್ಷದವರೆಗೆ ಅದರ ಊಟಕ್ಕೆ ಉಪ್ಪು ಹಾಕುವುದಿಲ್ಲ. ಹಾಗಾಗಿ ಮಗುವಿಗೆ ಅಯೋಡಿನ್ ಬರುವ ದಾರಿ ಎದೆಹಾಲು. ಬಾಣಂತಿಗೆ ಪಥ್ಯದ ಹೆಸರಿನಲ್ಲಿ ಸೈಂಧವ ಮಾತ್ರ ಹಾಕಿ, ಹಾಲು ಮೊಸರನ್ನೂ ನಿಲ್ಲಿಸುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಥ್ಯದಲ್ಲಿ ತಾಯಿಯ ಜೊತೆ ಮಗುವಿಗೂ ಅಯೋಡಿನ್ ತಪ್ಪುತ್ತದೆ.

ಅತ್ತೆಯವರ ಬಿಪಿ: ಅಯೋಡಿನ್ ಸೇರಿಸಿದ ಮಾತ್ರಕ್ಕೆ ಉಪ್ಪಿನಲ್ಲಿ ಸೋಡಿಯಂ ಹೆಚ್ಚುವುದಿಲ್ಲ, ಸೈಂಧವದಲ್ಲಿ ಕಡಿಮೆಯೂ ಇಲ್ಲ. ಬಿಪಿಗೆ ಸೈಂಧವ ಒಳ್ಳೆಯದು ಎಂದು ಧಾರಾಳವಾಗಿ ಹಾಕಿಕೊಂಡರೆ ಎರಡು ಕಡೆಯಿಂದಲೂ ನಷ್ಟ. ಅವರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮಟ್ಟಕ್ಕೆ, ಉಪ್ಪಿನಕಾಯಿ ಹಪ್ಪಳದ್ದೂ ಸೇರಿ. ಅಷ್ಟರಲ್ಲಿ 15 ಪಿಪಿಎಂ ಉಪ್ಪಿನಿಂದ 75 ಮೈಕ್ರೋಗ್ರಾಂ ಮಾತ್ರ ಸಿಗುತ್ತದೆ, ಹಾಗಾಗಿ ಮೊಸರು ಮಜ್ಜಿಗೆ ಬಿಡಬಾರದು. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು, ಕೆಲವು ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ತರಬಾರದು.

ಗ್ರಂಥಿ_ವೈದ್ಯ ಉತ್ತರ:

ಥೈರಾಯ್ಡ್ ಮಾತ್ರೆಯ ಬಗ್ಗೆ. ಥೈರಾಯ್ಡ್ ಇದ್ದವರು ಅಯೋಡಿನ್ ಉಪ್ಪು ಬಿಡಬೇಕು ಎಂಬುದು ತಪ್ಪು. ಹೆಚ್ಚಾಗಿ ತಿಂದರೆ ವಾಸಿಯಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ತಪ್ಪು. ಅಯೋಡಿನ್ ಉಪ್ಪು ಸಾಮಾನ್ಯವಾಗಿರುವ ಕಡೆ ವಯಸ್ಕರ ಹೈಪೋಥೈರಾಯ್ಡ್‌ಗೆ ಮುಖ್ಯ ಕಾರಣ ಹಶಿಮೋಟೋ ಕಾಯಿಲೆ. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬೀಳುತ್ತದೆ. ಹಾರ್ಮೋನ್ ತಯಾರಿಸುವ ಜಾಗಕ್ಕೇ ಪೆಟ್ಟಾಗಿರುವಾಗ ಕಚ್ಚಾ ವಸ್ತು ಸುರಿದರೆ ಪ್ರಯೋಜನವಿಲ್ಲ, ಅತಿಯಾದರೆ ಗ್ರಂಥಿ ಇನ್ನಷ್ಟು ಮಂಕಾಗುತ್ತದೆ. ಮನೆಯವರೆಲ್ಲ ತಿನ್ನುವ ಉಪ್ಪನ್ನೇ ನೀವೂ ತಿನ್ನಿ. ಮಾತ್ರೆ ಸರಿಯಾಗಿ ಕೆಲಸ ಮಾಡದಿದ್ದರೆ ಅದಕ್ಕೆ ಸಾಮಾನ್ಯವಾಗಿ ಕಾರಣ ಬೇರೆಯೇ ಇರುತ್ತದೆ: ಕಾಫಿ ಜೊತೆ ನುಂಗುವುದು, ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯನ್ನು ಅದರ ಹಿಂದೆಯೇ ತೆಗೆದುಕೊಳ್ಳುವುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ, ಕಬ್ಬಿಣ ಕ್ಯಾಲ್ಸಿಯಂಗೆ ನಾಲ್ಕು ಗಂಟೆ.

ಇಂಟರ್ನೆಟ್‌ನಲ್ಲಿ ಲೂಗಾಲ್ ಎಂಬ ಗಾಢ ಅಯೋಡಿನ್ ದ್ರಾವಣ, ಕೆಲ್ಪ್ (ಸಮುದ್ರದ ಪಾಚಿ) ಕ್ಯಾಪ್ಸೂಲ್ ಮಾರುತ್ತಾರೆ. 5% ಲೂಗಾಲ್‌ನ ಒಂದೇ ಹನಿಯಲ್ಲಿ ಸುಮಾರು 6 ಮಿಲಿಗ್ರಾಂ ಅಯೋಡಿನ್, ಅಂದರೆ ದಿನದ ಅಗತ್ಯದ 40 ಪಟ್ಟು. ವಯಸ್ಸಾದವರಲ್ಲಿ, ಹಳೆಯ ಗಂಟುಗಳಿರುವ ಗಳಗಂಡದಲ್ಲಿ ಇದರಿಂದ ಹಾರ್ಮೋನ್ ಏಕಾಏಕಿ ಏರಿ ಎದೆಬಡಿತ ತಪ್ಪಬಹುದು. ಹೃದಯದ ಬಡಿತಕ್ಕೆ ಅಮಿಯೋಡರೋನ್ ಮಾತ್ರೆ ತೆಗೆದುಕೊಳ್ಳುವವರೂ ಗಮನಿಸಿ: 200 ಮಿ.ಗ್ರಾಂ ಮಾತ್ರೆಯೊಂದರಲ್ಲಿ 75 ಮಿ.ಗ್ರಾಂ ಅಯೋಡಿನ್ ಇದೆ. ಮಾತ್ರೆ ನಿಲ್ಲಿಸಬೇಡಿ, ಆದರೆ ಕಾಲಕಾಲಕ್ಕೆ ಥೈರಾಯ್ಡ್ ಪರೀಕ್ಷೆ ತಪ್ಪಿಸಬೇಡಿ.

ಅಯೋಡಿನ್ ಇಲ್ಲದ ಉಪ್ಪು ನಿಜವಾಗಿ ಬೇಕಾಗುವುದು ಥೈರಾಯ್ಡ್ ಕ್ಯಾನ್ಸರ್‌ಗೆ ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್) ಕೊಡುವ ಮುಂಚಿನ ಒಂದೆರಡು ವಾರ, ಆಗ ಆಸ್ಪತ್ರೆಯವರೇ ಹೇಳುತ್ತಾರೆ.

ಇನ್ನು ನನಗೆ ಅಯೋಡಿನ್ ಕಡಿಮೆ ಇದೆಯೇ ಎಂದು ಮೂತ್ರ ಪರೀಕ್ಷೆ ಮಾಡಿಸಬೇಡಿ. ಒಬ್ಬರ ಮೂತ್ರದಲ್ಲಿ ಇವತ್ತು ಬಂದ ಸಂಖ್ಯೆ ನಾಳೆ ಬರುವುದಿಲ್ಲ. ಆ ಪರೀಕ್ಷೆ ಊರಿನ, ಜಿಲ್ಲೆಯ ಮಟ್ಟ ಅಳೆಯಲು. ಶಾಲಾ ಮಕ್ಕಳ ಮಧ್ಯಮ ಮೌಲ್ಯ ಲೀಟರ್‌ಗೆ 100ರಿಂದ 199 ಮೈಕ್ರೋಗ್ರಾಂ ಇದ್ದರೆ ಆ ಪ್ರದೇಶ ಸರಿಯಾಗಿದೆ ಎಂದರ್ಥ.

ಕೋಸು, ಮರಗೆಣಸು, ಸಜ್ಜೆ ಬಿಡಬೇಕೇ ಎಂದೂ ಬಹಳ ಜನ ಕೇಳುತ್ತಾರೆ. ಇವುಗಳಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡಿಪಡಿಸುವ ಅಂಶಗಳಿರುವುದು ನಿಜ, ಅದು ತೊಂದರೆ ಕೊಡುವುದು ಅಯೋಡಿನ್ ಕೊರತೆ ಮೊದಲೇ ಇದ್ದಾಗ. ಅಯೋಡಿನ್ ಸರಿಯಾಗಿದ್ದರೆ ಬೇಯಿಸಿದ ಕೋಸಿಗೂ ಸಜ್ಜೆ ರೊಟ್ಟಿಗೂ ಹೆದರಬೇಕಿಲ್ಲ.

ಮಲ್ನಾಡ್_ಅಡುಗೆಮನೆ:

ಎಲ್ಲರಿಗೂ ಧನ್ಯವಾದ. ಇನ್ನು ಮೂರು ವಿಷಯ. ಅತ್ತೆಯವರು ಕೇಳುವುದು, ಹಿಂದಿನವರು ಕಲ್ಲುಪ್ಪು ತಿಂದೇ ಗಟ್ಟಿಮುಟ್ಟಾಗಿದ್ದರಲ್ಲ ಎಂದು. ಅವರಿಗೆ ಏನು ಹೇಳಲಿ? ಅಪ್ಪೆಮಿಡಿಗೆ ಅಯೋಡಿನ್ ಉಪ್ಪು ಹಾಕಿದರೆ ಉಪ್ಪಿನಕಾಯಿ ಕೆಡುತ್ತದೆಯೇ? ಮತ್ತೆ ಉಪ್ಪಿನಲ್ಲಿ ಅಯೋಡಿನ್ ಇದೆಯೋ ಎಂದು ಆಲೂಗಡ್ಡೆ, ನಿಂಬೆರಸದಿಂದ ನೋಡಬಹುದಂತೆ, ಹೌದೇ?

ಗ್ರಂಥಿ_ವೈದ್ಯ:

ಅತ್ತೆಯವರಿಗೆ ಕಾಂಗ್ರಾ ಕಣಿವೆಯ ವಿಷಯ ಹೇಳಿ. ಈಗಿನ ಹಿಮಾಚಲ ಪ್ರದೇಶದಲ್ಲಿದೆ. 1950ರ ದಶಕದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅದನ್ನು ಮೂರು ವಲಯ ಮಾಡಿದರು. ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು. ಮೂರರಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಗಳಗಂಡವಿತ್ತು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪಿನ ಎರಡು ವಲಯಗಳಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಬರೀ ಉಪ್ಪಿನ ವಲಯದಲ್ಲಿ ಹಾಗೆಯೇ ಇತ್ತು. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಕಣ್ಣಿಗೆ ಕಾಣುವ ಕುತ್ತಿಗೆಯ ಊತವನ್ನು ಹಿಂದಿನವರೂ ಗುರುತಿಸುತ್ತಿದ್ದರು. ಗರ್ಭ ನಿಲ್ಲದಿರುವುದು, ಕಿವುಡು–ಮೂಗ ಮಗು, ಮಂದ ಬುದ್ಧಿ ಇವೂ ಅದೇ ಕೊರತೆಯಿಂದ ಬರಬಹುದು ಎಂದು ಆಗ ಹೇಳುವವರಿರಲಿಲ್ಲ.

ಉಪ್ಪಿನ_ಲ್ಯಾಬ್:

ಆಲೂಗಡ್ಡೆ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ನೀಲಿ ಬಣ್ಣ ಬರಲು ಅಯೋಡೇಟ್‌ನಿಂದ ಬಿಡಿ ಅಯೋಡಿನ್ ಹೊರಬಂದು ಪಿಷ್ಟವನ್ನು ಸೇರಬೇಕು. ನಿಂಬೆಯ ವಿಟಮಿನ್ ಸಿ ಆ ಬಿಡಿ ಅಯೋಡಿನ್ನನ್ನೇ ಮತ್ತೆ ಬಣ್ಣವಿಲ್ಲದ ಅಯೋಡೈಡ್ ಮಾಡಿಬಿಡುತ್ತದೆ. ಹಾಗಾಗಿ ಒಳ್ಳೆಯ ಉಪ್ಪಿನಲ್ಲೂ ನೀಲಿ ಬರದೆ ಹೋಗಬಹುದು.

ಆಶಾ ಕಾರ್ಯಕರ್ತೆಯರ ಹತ್ತಿರ ಉಪ್ಪು ಪರೀಕ್ಷೆಯ ಕಿಟ್ ಇದ್ದರೆ ಕೇಳಿ. ಪುಟ್ಟ ಬಟ್ಟಲಿಗೆ ಉಪ್ಪು ತುಂಬಿ ಮಟ್ಟ ಮಾಡಿ, ಪರೀಕ್ಷಾ ದ್ರಾವಣದ ಎರಡು ಹನಿ ಬಿಟ್ಟು, ಬಂದ ಬಣ್ಣವನ್ನು ಕೂಡಲೇ ಕಾರ್ಡಿನ 0, 7, 15, 30ರ ಜೊತೆ ಹೋಲಿಸುವುದು. ತಡಮಾಡಿದರೆ ಬಣ್ಣ ಮಾಸುತ್ತದೆ. ಏನೂ ಬಣ್ಣ ಬರದಿದ್ದರೆ ಇಲ್ಲ ಎಂದು ತೀರ್ಮಾನಿಸಬೇಡಿ, ಕ್ಷಾರದ ಅಂಶವಿರುವ ಉಪ್ಪು ಬಣ್ಣವನ್ನು ತಡೆಯುತ್ತದೆ. ಹೊಸ ಉಪ್ಪಿನ ಮೇಲೆ ಮರುಪರೀಕ್ಷೆಯ ದ್ರಾವಣ ಐದು ಹನಿ, ಅದೇ ಜಾಗದಲ್ಲಿ ಪರೀಕ್ಷಾ ದ್ರಾವಣ ಎರಡು ಹನಿ ಹಾಕಿ ನೋಡಬೇಕು. ಕಿಟ್‌ನಿಂದ ಇದೆ–ಇಲ್ಲ ತಿಳಿಯುತ್ತದೆ, ಸಂಖ್ಯೆಯನ್ನು ಪೂರ್ತಿ ನೆಚ್ಚಬೇಡಿ.

ನಿಖರ ಸಂಖ್ಯೆ ಬೇಕಾದರೆ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್‌ನಲ್ಲಿ ಟೈಟ್ರೇಷನ್ (ಗೊತ್ತಿರುವ ದ್ರಾವಣ ಹನಿಸಿ ಪ್ರಮಾಣ ಅಳೆಯುವ ವಿಧಾನ) ಮಾಡಿಸಬಹುದು. ಪ್ಯಾಕೆಟ್ಟಿನ ಉಪ್ಪನ್ನೆಲ್ಲ ಚೆನ್ನಾಗಿ ಬೆರೆಸಿ 10 ಗ್ರಾಂ ತೆಗೆದುಕೊಳ್ಳಿ, 50 ಮಿ.ಲೀ. ನೀರಿನಲ್ಲಿ ಕರಗಿಸಿ. 2 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ 1 ಮಿ.ಲೀ., 10% ಪೊಟ್ಯಾಸಿಯಂ ಅಯೋಡೈಡ್ 5 ಮಿ.ಲೀ. ಹಾಕಿ, ಮುಚ್ಚಿ 10 ನಿಮಿಷ ಕತ್ತಲಲ್ಲಿಡಿ. ಹಳದಿ ಬಣ್ಣ ಬರುತ್ತದೆ. 0.005 ನಾರ್ಮಲ್ ಸೋಡಿಯಂ ಥಯೋಸಲ್ಫೇಟ್ (ಲೀಟರ್‌ಗೆ 1.24 ಗ್ರಾಂ ಹರಳು) ಹನಿಸುತ್ತಾ ಹೋಗಿ, ಹಳದಿ ತೆಳುವಾದಾಗ ಪಿಷ್ಟದ ದ್ರಾವಣ ಹಾಕಿ, ಕಡುನೀಲಿ ಪೂರ್ತಿ ಹೋಗುವವರೆಗೆ ಮುಂದುವರಿಸಿ. ಪಿಷ್ಟವನ್ನು ಮೊದಲೇ ಹಾಕಿದರೆ ಅಯೋಡಿನ್ ಅದಕ್ಕೆ ಬಿಗಿಯಾಗಿ ಅಂಟಿಕೊಂಡು ಕೊನೆಯ ಬಿಂದು ತಡವಾಗುತ್ತದೆ. ಖರ್ಚಾದ ಮಿ.ಲೀ. ಅನ್ನು 10.58ರಿಂದ ಗುಣಿಸಿದರೆ ಪಿಪಿಎಂ. 2 ಮಿ.ಲೀ. ಹೋದರೆ 21.

ದಿನಸಿ_ಅಂಗಡಿ:

ಉಪ್ಪು ಇಡುವ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕೊಳ್ಳುವಾಗ ಪ್ಯಾಕ್ ಮಾಡಿದ ತಿಂಗಳು ನೋಡಿ, ವರ್ಷ ಹತ್ತಿರವಾದದ್ದು ಬೇಡ. ಕೈಯಲ್ಲಿ ಒತ್ತಿದರೆ ಗಟ್ಟಿಯಾಗಿದೆ ಎಂದರೆ ತೇವ ಹಿಡಿದಿದೆ. ಮಳೆಗಾಲದಲ್ಲಿ ಗೋಣಿಚೀಲದ ಕಲ್ಲುಪ್ಪು ನೀರು ಬಿಡುತ್ತದಲ್ಲ, ಅಯೋಡಿನ್ ಹಾಕಿದ್ದರೂ ಆ ನೀರಿನ ಜೊತೆ ತಳಕ್ಕೆ ಇಳಿದುಬಿಡುತ್ತದೆ. ಮನೆಗೆ ಒಂದು ಕಿಲೋ ಪ್ಯಾಕೆಟ್ ಸಾಕು, ಐದು ಕಿಲೋ ಒಟ್ಟಿಗೆ ಬೇಡ. ಒಣಗಿದ ಭರಣಿ ಅಥವಾ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿ, ಒಲೆಯ ಪಕ್ಕವೂ ಬೇಡ, ಬಿಸಿಲು ಬೀಳುವ ಕಿಟಕಿಯೂ ಬೇಡ. ಒದ್ದೆ ಕೈ ಹಾಕದೆ ಒಣ ಚಮಚ ಬಳಸಿ. ಸಾರು ಹುಳಿಗೆ ಉಪ್ಪನ್ನು ಇಳಿಸುವ ಹೊತ್ತಿಗೆ ಹಾಕಿದರೆ ಒಳ್ಳೆಯದು.

'ನಾನ್ ಅಯೋಡೈಸ್ಡ್' ಎಂದು ಬರೆದ ಚೀಲಗಳು ಬರುತ್ತವೆ. ದನಗಳಿಗೆ, ಕಾರ್ಖಾನೆಗಳಿಗೆ, ಮೀನು ಒಣಗಿಸುವಂಥ ಕೆಲಸಕ್ಕೆ ಎಂದು ಕಾನೂನಿನಲ್ಲಿ ಅವಕಾಶವಿದೆ. ನೇರವಾಗಿ ತಿನ್ನಲು ಮಾರುವ ಹಾಗಿಲ್ಲ, 2006ರ ಮೇ ತಿಂಗಳಿಂದ ದೇಶದಾದ್ಯಂತ ನಿಷೇಧ ಮತ್ತೆ ಜಾರಿಯಲ್ಲಿದೆ.

ಪಶು_ಆಹಾರ:

ಹಾಲಿನ ಅಯೋಡಿನ್ ದನದ ಮೇವಿನ ಮೇಲೆ ಹೋಗುತ್ತದೆ ಎಂದು ಮೇಲೆ ಹೇಳಿದ್ದಾರೆ, ಅದಕ್ಕೆ ಒಂದು ಮಾತು. ಬರೀ ಹುಲ್ಲು, ಸೊಪ್ಪು ಮೇಯುವ ಮಲೆನಾಡಿನ ಹಸುವಿನ ಹಾಲಿನಲ್ಲಿ ಹೆಚ್ಚು ನಿರೀಕ್ಷೆ ಬೇಡ. ಮನೆಯ ಹಸುವಾದರೆ ಅಯೋಡಿನ್ ಇರುವ ಖನಿಜ ಮಿಶ್ರಣವನ್ನು ಚೀಲದ ಮೇಲೆ ಹೇಳಿದ ಅಳತೆಯಲ್ಲಿ ಹಿಂಡಿಯ ಜೊತೆ ದಿನಾ ಕೊಡಿ. ಆಡುಗಳಲ್ಲಿ ಕೊರತೆ ಇನ್ನೂ ಬೇಗ ಕಾಣುತ್ತದೆ: ಮರಿಗಳು ಕುತ್ತಿಗೆ ಊದಿಕೊಂಡು, ಕೂದಲು ಕಡಿಮೆಯಾಗಿ, ನಿಶ್ಶಕ್ತವಾಗಿ ಹುಟ್ಟುತ್ತವೆ.

ಆಹಾರತಜ್ಞೆ_ಹಾಸನ:

ಉಪ್ಪಿನಕಾಯಿ ಪ್ರಶ್ನೆ ಉಳಿದಿತ್ತು. 15–30 ಪಿಪಿಎಂ ಅಯೋಡೇಟ್‌ನಿಂದ ಮಿಡಿ ಮೆತ್ತಗಾಗುವುದಿಲ್ಲ, ಬಣ್ಣವೂ ಕೆಡುವುದಿಲ್ಲ. ಪುಡಿ ಉಪ್ಪು ಹಾಕಿದಾಗ ಉಪ್ಪುನೀರು ಕದಡಿದಂತೆ ಕಾಣಲು ಕಾರಣ, ಉಪ್ಪು ಗಂಟು ಕಟ್ಟದಿರಲಿ ಎಂದು ಸೇರಿಸುವ ಪುಡಿ. ಕಬ್ಬಿಣ ಸೇರಿಸಿದ ಡಬಲ್ ಫೋರ್ಟಿಫೈಡ್ ಉಪ್ಪು ಮಾತ್ರ ಮಿಡಿಗೆ ಬೇಡ, ಮಾವಿನ ಒಗರಿನ ಜೊತೆ ಕಬ್ಬಿಣ ಸೇರಿ ಕಪ್ಪಾಗಬಹುದು. ಅಯೋಡಿನ್ ಇರುವ ಕಲ್ಲುಪ್ಪನ್ನು ತೊಳೆಯದೆ ಹಾಕಿ. ಮನಸ್ಸಿಗೆ ಸಮಾಧಾನ ಆಗದಿದ್ದರೆ ಮಿಡಿಗೆ ನಿಮ್ಮ ಆಗರದ ಉಪ್ಪನ್ನೇ ಇಟ್ಟುಕೊಳ್ಳಿ. ದಿನದ ಒಂದು ಮಿಡಿಯಿಂದ ಅಯೋಡಿನ್ ಲೆಕ್ಕ ತಪ್ಪುವುದಿಲ್ಲ, ಅನ್ನ ಸಾರಿನ ಉಪ್ಪು ಬದಲಾದರೆ ಸಾಕು.